ಅನ್ನಪೂರ್ಣಮ್ಮ ಪೂಜಿಸಿದ ಅಜ್ಜ

ಚಳ್ಳಕೆರೆಯ ಎಣ್ಣೆ ಮಿಲ್ ಜಂಬುಲಿಂಗಪ್ಪನವರ ಮನೆಗೆ ಸೊಸೆಯಾಗಿ ಕಾಲಿಟ್ಟ ದಿನವೇ ಅನ್ನಪೂರ್ಣಮ್ಮ ಆ ಚಿತ್ರಕ್ಕೆ ಹಣೆ ಮುಟ್ಟಿಸಿದ್ದರು. ದೇವರ ಕೋಣೆಯ ಗೋಡೆಯಲ್ಲಿದ್ದ ಎಣ್ಣೆಬಣ್ಣದ ಚಿತ್ರ ಅದು. ದೀಪದ ಹೊಗೆ ಹತ್ತಿ ಎಷ್ಟು ಕಪ್ಪಾಗಿತ್ತೆಂದರೆ, ಎರಡು ಕಣ್ಣು, ಒಂದು ಮೂಗು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹಣೆಯ ಮೇಲೆ ತಲೆಮಾರುಗಳ ವಿಭೂತಿ ಗಟ್ಟಿಯಾಗಿ ಕೂತಿತ್ತು. ‘ನಮ್ಮ ಮೂಲಪುರುಷ ಶಾಂತವೀರಪ್ಪಜ್ಜ. ಸಮುದ್ರದ ತನಕ ಬಟ್ಟೆ ಹೊತ್ತು ವ್ಯಾಪಾರ ಮಾಡಿದೋರು’ ಎಂದು ಮಾವ ಹೇಳಿದ್ದರು. ಅವತ್ತಿನಿಂದ ಅಜ್ಜನಿಗೆ ಹೂವೇರಿಸದೆ ಅನ್ನಪೂರ್ಣಮ್ಮ ಬಾಯಿಗೆ ನೀರು ಹಾಕಿದವರಲ್ಲ. ಹೆರಿಗೆಗೆ ಹೋಗುವ ಮುಂಚೆ ಅಲ್ಲೇ ಬೇಡಿಕೊಂಡರು. ಗಂಡ ಮುರುಗೇಂದ್ರಪ್ಪ ತೀರಿಕೊಂಡಾಗ ಅಲ್ಲೇ ಕೂತು ಅತ್ತರು.

ಆ ಅಜ್ಜನ ದೆಸೆಯಿಂದ ಮನೆ ಬಿಟ್ಟು ಹೋದವನು ಮೈದುನ ಓಂಕಾರಮೂರ್ತಿ. ಅನ್ನಪೂರ್ಣಮ್ಮ ಬಂದ ಮರುವರ್ಷ, ಮಿಲ್ಲಿನಲ್ಲಿ ಎಂದೂ ಪಾಲು ಕೇಳುವುದಿಲ್ಲವೆಂದು ಅಜ್ಜನ ಮುಂದೆ ಆಣೆ ಮಾಡಿ ಎಂದು ಜಂಬುಲಿಂಗಪ್ಪ ಮಕ್ಕಳಿಗೆ ಹೇಳಿದರು. ಓಂಕಾರಮೂರ್ತಿ ಒಪ್ಪಲಿಲ್ಲ.

“ಅಪ್ಪಾ, ಇದು ನಮ್ಮಜ್ಜ ಅಲ್ಲ. ಮೂಲೇಲಿ ಎಣ್ಣೆ ಹಚ್ಚಿ ಒರೆಸಿ ನೋಡಿದೀನಿ. ಅಲ್ಲೊಂದು ಹಡಗು ಐತೆ.”

ಜಂಬುಲಿಂಗಪ್ಪ ಕೆನ್ನೆಗೆ ಬಾರಿಸಿದರು. “ಹಿರೇರನ್ನೇ ಅಲ್ಲ ಅಂತೀಯೇನಲೇ? ನೀನೂ ನಮ್ಮೋನಲ್ಲ, ಹೋಗು.”

ಹೋದವನು ಆಂಧ್ರದ ಗಡಿಯ ದೇವಸಮುದ್ರದಲ್ಲಿ ನೆಲೆ ನಿಂತ. ಅಲ್ಲೇ ಗಂಗಾಂಬಿಕಾಳನ್ನು ಮದುವೆಯಾಗಿ, ಶೇಂಗಾ ಬೆಳೆದು ಬದುಕಿದ. ಅಣ್ಣ ಸತ್ತಾಗ ಬಂದರೂ ಹೊಸ್ತಿಲು ದಾಟಲಿಲ್ಲ.

ಹೋದ ವರ್ಷ ಚಿತ್ರದ ಚೌಕಟ್ಟಿಗೆ ಗೆದ್ದಲು ಹಿಡಿಯಿತು. ಮಗ ವೀರೇಶ ಅದನ್ನು ಮೈಸೂರಿನಲ್ಲಿ ಹಳೆಯ ಚಿತ್ರಗಳನ್ನು ಶುಚಿ ಮಾಡುವ ನಿರ್ಮಲಾ ಎಂಬವರಿಗೆ ಕೊಟ್ಟು ಬಂದ. ತಿಂಗಳು ಕಳೆದ ಮೇಲೆ ಅವನ ಫೋನಿಗೆ ಒಂದು ಫೋಟೋ ಬಂತು. ವೀರೇಶ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. ಅನ್ನಪೂರ್ಣಮ್ಮ ಅವನ ಕೈಯಿಂದ ಫೋನ್ ಇಸಿದುಕೊಂಡರು.

ಕೆಂಪು ಕೋಟು, ಬಂಗಾರದ ಬಣ್ಣದ ಗುಂಡಿಗಳು. ತಲೆಯ ಮೇಲೆ ಸುರುಳಿ ಸುರುಳಿಯಾದ ಬಿಳಿ ಕೃತಕ ಕೂದಲು. ಉಬ್ಬಿದ ಕೆಂಪು ಕೆನ್ನೆ. ಹಿಂದೆ ಕಿಟಕಿಯಾಚೆ ಸಮುದ್ರದಲ್ಲೊಂದು ಹಡಗು.

“ಯಾರಿದು?”

“ಅಜ್ಜ, ಅವ್ವಾ.”

“ಥೂ, ಬೇರೆ ಯಾರದೋ ಕಳಿಸ್ಯಾರೆ. ಫೋನ್ ಹಚ್ಚು.”

ನಿರ್ಮಲಾ ನಿಧಾನವಾಗಿ ಹೇಳಿದರು: “ಇದು ನಿಮ್ಮದೇ ಚಿತ್ರ ಅಮ್ಮಾ. ಹಡಗಿನ ಬಾವುಟದಲ್ಲಿ ಡಚ್ ವ್ಯಾಪಾರಿ ಕಂಪನಿಯ ಗುರುತಿದೆ. ಇವರು ಅದರ ಅಧಿಕಾರಿ ಇರಬೇಕು. ಸುಮಾರು ಇನ್ನೂರೈವತ್ತು ವರ್ಷ ಹಿಂದಿನದು. ಬರೆದವರ ಹೆಸರಿಲ್ಲ, ಇವರ ಹೆಸರೂ ಇಲ್ಲ. ನಿಮ್ಮ ಮನೆಗೆ ಹೇಗೆ ಬಂತೋ ತಿಳಿಯದು.”

ಅವತ್ತು ಅನ್ನಪೂರ್ಣಮ್ಮ ಒಲೆ ಹಚ್ಚಲಿಲ್ಲ. ಖಾಲಿ ಗೋಡೆಯನ್ನು ನೋಡುತ್ತ ಕೂತಿದ್ದವರು ಸಂಜೆ ಮಗನನ್ನು ಕರೆದು, “ಓಂಕಾರಿ ಖರೇನೇ ಹೇಳಿದ್ದ. ನಾಳೆ ದೇವಸಮುದ್ರಕ್ಕೆ ಕರ್ಕೊಂಡು ಹೋಗು” ಎಂದರು.

ಮರುದಿನ ದೇವಸಮುದ್ರದ ಮನೆ ಬಾಗಿಲಲ್ಲಿ “ರಾ ಅಕ್ಕಾ, ಒಳಗೆ ಬಾ” ಎಂದು ಗಂಗಾಂಬಿಕಾ ತೆಲುಗು ಬೆರೆಸಿಯೇ ಕರೆದಳು. ಓಂಕಾರಮೂರ್ತಿ ಎದ್ದು ನಿಂತ. ಅನ್ನಪೂರ್ಣಮ್ಮ ಫೋನನ್ನು ಅವನ ಮುಂದೆ ಹಿಡಿದರು. ಅವನು ಗೆಲುವಿನಿಂದ ನಗುತ್ತಾನೆ, ಇಲ್ಲವೇ ಬೈಯುತ್ತಾನೆ ಎಂದುಕೊಂಡಿದ್ದರು. ಅವನು ಹಡಗಿನ ಮೇಲೆ ಬೆರಳಿಟ್ಟವನು ಹಾಗೆಯೇ ನೆಲದ ಮೇಲೆ ಕೂತ.

“ಹಂಗಾರೆ ಅದು ಶಾಪ ಅಲ್ವಾ ಅತ್ಗೆ?”

“ಯಾವ ಶಾಪನಪ್ಪಾ?”

“ನನ್ನ ಮಗಳು ಜ್ವರದಾಗೆ ಹೋದ್ಲಲ್ಲ. ಹಿರೇರನ್ನ ಅಲ್ಲ ಅಂದೆ, ಅದಕ್ಕೇ ಅಜ್ಜ ಕೂಸನ್ನ ಕಿತ್ಕಂಡ ಅನ್ಕಂಡಿದ್ದೆ. ಹಡಗು ಕಂಡಿದ್ದೂ ನನ್ನ ಭ್ರಮೆನೇ ಅನ್ಕಂಡಿದ್ದೆ.”

ಗಂಗಾಂಬಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದರೂ ಗಂಡ ಆಕೆಗೆ ಈ ಮಾತು ಹೇಳಿರಲಿಲ್ಲ. “ಒಬ್ಬನೇ ಹೊತ್ಕಂಡಿದ್ಯಾ?” ಎಂದು ಕೇಳಿದಳು. ಅನ್ನಪೂರ್ಣಮ್ಮ ಪಕ್ಕದಲ್ಲಿ ಕೂತು ಅವನ ಬೆನ್ನು ಸವರಿದರು.

ಗಂಗಾಂಬಿಕಾ ಕಣ್ಣೊರೆಸಿಕೊಂಡು ವೀರೇಶನತ್ತ ತಿರುಗಿದಳು. “ಆ ಮುಖಾನ ನಾನು ಎದುರಿಗೆ ನೋಡ್ಬೇಕು. ಕರ್ಕೊಂಡು ಹೋಗ್ತೀಯಾ?”

ಮರುವಾರ ನಾಲ್ವರೂ ಮೈಸೂರಿಗೆ ಹೋದರು. ನಿರ್ಮಲಾ ಚಿತ್ರದ ಮೇಲಿನ ಬಟ್ಟೆ ಸರಿಸಿದರು. ಗಂಗಾಂಬಿಕಾ ಬಹಳ ಹೊತ್ತು ಹತ್ತಿರ ನಿಂತು ನೋಡಿದಳು. ದಣಿದ ಕಣ್ಣಿನ, ವಯಸ್ಸಾದ ಒಬ್ಬ ಮನುಷ್ಯ.

“ಈಯಪ್ಪಂಗೆ ನಾವು ಯಾರು ಅಂತ್ಲೂ ಗೊತ್ತಿಲ್ಲ” ಎಂದಳು.

ಓಂಕಾರಮೂರ್ತಿ ಹಿಂದಿನ ಬೆಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದ. ಯಾರೂ ಅವನನ್ನು ತಡೆಯಲಿಲ್ಲ. ಅಳು ನಿಂತ ಮೇಲೆ ಅನ್ನಪೂರ್ಣಮ್ಮ, ಚಿತ್ರವನ್ನು ಯಾವುದಾದರೂ ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಿಡಿ ಎಂದು ನಿರ್ಮಲಾಗೆ ಹೇಳಿ, ಮೈದುನನ ಕೈ ಹಿಡಿದು ಎಬ್ಬಿಸಿದರು.