ರವದಿಗೆ ಬೆಂಕಿ ಬೀಳುವ ಮುಂಚೆ

ಶಿರಗುಪ್ಪಿಯ ಹೊರಗೆ ಇನ್ನೂ ಪೂರ್ತಿ ಬೆಳಕಾಗಿಲ್ಲ. ನಿನ್ನೆ ಕಬ್ಬು ಕಡಿದು ಸಾಗಿಸಿದ ಹೊಲದಲ್ಲಿ ಒಣ ಗರಿ ಮೊಣಕಾಲೆತ್ತರ ಬಿದ್ದಿದೆ. ಈ ಕಡೆಯವರು ಅದನ್ನು ರವದಿ ಎನ್ನುತ್ತಾರೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಬಿಗಿದ ಶೇವಂತಾ ಕಾಂಬಳೆ ಕವೆಗೋಲಿನಿಂದ ರವದಿಯನ್ನು ಎಳೆದು, ಎರಡು ಸಾಲುಗಳ ನಡುವಿನ ತಗ್ಗಿನಲ್ಲಿ ಹಾಸುತ್ತಿದ್ದಾರೆ. ಒಂದು ಸಾಲು ಮುಗಿಸಿ ಊರ ದಾರಿ ನೋಡುತ್ತಾರೆ. ಯಾರೂ ಕಾಣುವುದಿಲ್ಲ. ಮತ್ತೆ ಬಗ್ಗುತ್ತಾರೆ.

ಪಕ್ಕದ ಹೊಲ ನಿನ್ನೆ ಸಂಜೆಯೇ ಸುಟ್ಟು ಕರ್ರಗಾಗಿದೆ. ಈ ಹೊಲದ ಒಡತಿ ಜಿನಮತಿ ಅವರ ಮಗ ವೃಷಭ ಬದುವಿನ ಹತ್ತಿರ ಬೈಕ್ ನಿಲ್ಲಿಸಿ, ಅದರ ಮೇಲೆಯೇ ಕುಳಿತಿದ್ದಾರೆ. ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇದೆ.

"ಮಾವಶಿ, ನೀ ಒಬ್ಬಾಕಿ ಹಾಸಿ ಮುಗಸೂದ್ರಾಗ ಮುಂದಿನ ಸೀಜನ್ ಬರ್ತೈತಿ ನೋಡು" ಎನ್ನುತ್ತಾರೆ. ಇಲ್ಲಿಯ ರೂಢಿಯಲ್ಲಿ ಮಾವಶಿ ಎಂದರೆ ಚಿಕ್ಕಮ್ಮ.

"ತಡೀರಿ ಸಾವ್ಕಾರ, ಬರ್ತಾರ. ಹೆಣಮಕ್ಕಳು ರೊಟ್ಟಿ ಬಡದು, ನೀರ ತುಂಬಿ, ಹುಡುಗರ್ನ ಸಾಲಿಗಿ ತಯಾರ ಮಾಡಿ ಬರಬೇಕಲ್ರಿ. ನಿಮ್ಮಂಗ ಕಿಕ್ ಹೊಡದು ಬರಾಕ ಆಗ್ತೈತೇನು?"

"ಗಾಳಿ ಏಳೂದ್ರಾಗ ಬರಲಿಲ್ಲಂದ್ರ ನಾ ಹಚ್ಚಾಂವನ. ನಾಳೆ ನೀರಿನ ಪಾಳಿ ಐತಿ."

ಅವರ ಅವಸರ ಸುಳ್ಳಲ್ಲ. ಕಡಿದ ಬುಡಕ್ಕೆ ಬೇಗ ನೀರು ಬಿದ್ದರೆ ಕೂಳೆ ಕಬ್ಬು ಚೆನ್ನಾಗಿ ಚಿಗುರುತ್ತದೆ. ಈ ಪಾಳಿ ತಪ್ಪಿದರೆ ಮುಂದಿನದು ಯಾವಾಗಲೋ. ನೀರು ಬಿಡುವ ಮುಂಚೆ ಬುಡದ ಮೇಲಿನ ರವದಿ ಹೋಗಬೇಕು. ಬೆಂಕಿಗೆ ಒಂದು ಕಡ್ಡಿ ಸಾಕು, ಹಾಸಲು ಹತ್ತಾರು ಕೈ ಬೇಕು.

ಶೇವಂತಾ ಅವರ ತವರು ನಿಪ್ಪಾಣಿ ಕಡೆಯ ಅಕ್ಕೋಳ. ಅಲ್ಲಿ ತಂಬಾಕಿನ ಕೆಲಸ ಮಾಡಿದ ಕೈ ಇಲ್ಲಿಗೆ ಬಂದ ಮೇಲೆ ಕಬ್ಬಿಗೆ ಒಗ್ಗಿತು. ಸ್ವಂತ ಹೊಲವಿಲ್ಲ. ಗಂಡ ಭರಮು ಕಬ್ಬು ಕಡಿಯುವ ಟೋಳಿಯಲ್ಲಿದ್ದಾರೆ. ಮಳೆಗಾಲದಲ್ಲಿ ಕೃಷ್ಣಾ ನದಿ ಏರಿ ಇವರ ಮನೆಯೊಳಗೇ ಬಂದದ್ದುಂಟು. ಬೇಸಿಗೆಯಲ್ಲಿ ಅದೇ ನದಿ ಬಂಡೆ ತೋರಿಸುತ್ತದೆ, ಪಂಪುಗಳು ನಿಲ್ಲುತ್ತವೆ.

ರವದಿಯ ಗುಣ ಗೊತ್ತಾದದ್ದು ಆಕಸ್ಮಿಕವಾಗಿ. ಕೆಲವು ವರ್ಷಗಳ ಹಿಂದೆ ಹಂಗಾಮಿನ ಕೊನೆಯಲ್ಲಿ ಅಕಾಲ ಮಳೆ ಬಂದು, ಇದೇ ಹೊಲದ ಒಂದು ಮೂಲೆಯ ರವದಿ ತೊಯ್ದು ಬೆಂಕಿ ಹಿಡಿಯಲಿಲ್ಲ. ನದಿ ಬತ್ತಿದಾಗ ಉಳಿದೆಡೆಯ ಕೂಳೆ ಬಾಡಿತು, ಆ ಮೂಲೆ ಮಾತ್ರ ಹಸಿರಾಗಿಯೇ ಇತ್ತು. ಶೇವಂತಾ ರವದಿ ಸರಿಸಿ ಮಣ್ಣು ಮುಟ್ಟಿ ನೋಡಿದರು. "ತಣ್ಣಗಿತ್ರಿ, ನೀರಿನ ಕೊಡದ ಬುಡಕಿರೂ ಮಣ್ಣಿನಂಗ" ಎನ್ನುತ್ತಾರೆ. ಎಷ್ಟು ನೀರು ಉಳಿಯಿತೆಂದು ಅಳೆದವರು ಯಾರೂ ಇಲ್ಲ.

ಶೇವಂತಾ ನೇರ ಜಿನಮತಿಯವರ ಬಳಿಗೆ ಹೋದರು. ಗಂಡ ತೀರಿಕೊಂಡ ಮೇಲೆ ಹೊಲ ಅವರ ಹೆಸರಿಗೆ ಬಂದಿದೆ. ಜೈನರ ಮನೆ, ಪ್ರತಿ ವರ್ಷ ಬೆಂಕಿ ಬಿದ್ದಾಗ ಅವರು ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದರಂತೆ. "ಹುಳಾ ಹುಪ್ಪಡಿ ಸುಡೂ ಪಾಪ ಸಾಕಾಗೇತಿ. ನೀ ನೀರೂ ಉಳಿತೈತಿ ಅಂತಿ. ಒಂದೆಕರೆ ಮಾಡಿ ತೋರ್ಸು" ಎಂದರು.

ಆ ಒಂದೆಕರೆ ಅರ್ಧ ಕೆಟ್ಟಿತು. ಜೊತೆಗೆ ಬಂದ ಹೆಣ್ಣುಮಕ್ಕಳು ರವದಿಯನ್ನು ಕಬ್ಬಿನ ಬುಡದ ಮೇಲೂ ದಪ್ಪಗೆ ಹರಡಿದ್ದರು. "ಹಾಸಿಗಿ ಹಾಸಿದಂಗ ಹಾಸಿಬಿಟ್ವಿರಿ. ಚಿಗುರು ಉಸರಾಡಾಕ ಜಾಗಾನ ಬಿಡಲಿಲ್ಲ. ಕೂಸಿನ ಮಾರಿ ಮ್ಯಾಲ ಕೌದಿ ಹೊಚ್ಚಿದಂಗಾತು" ಎನ್ನುತ್ತಾರೆ ಶೇವಂತಾ. ಈಗ ಬುಡ ಬಿಡಿಸಿ, ನಡುವೆ ಮಾತ್ರ ಹಾಸುತ್ತಾರೆ.

ಹೊಲ ಸರಿಹೋಯಿತು, ತೊಂದರೆ ಬೇರೆ ಕಡೆ ಎದ್ದಿತು. ರವದಿ ಹಾಸಿದಲ್ಲಿ ಕಳೆ ಹೆಚ್ಚು ಏಳುವುದಿಲ್ಲ. ಕಬ್ಬಿಗೆ ಅದು ಒಳ್ಳೆಯದು, ಕಳೆ ತೆಗೆಯುವ ಕೂಲಿಯಿಂದಲೇ ಬದುಕುವವರಿಗೆ ಅಲ್ಲ. ಅಂಥವರಲ್ಲೊಬ್ಬರಾದ ತುಳಸವ್ವ ಊರ ನಳದ ಮುಂದೆ ಕೇಳಿಯೇ ಬಿಟ್ಟರು: "ನಮ್ಮ ಕೈಲೆ ನಮ್ಮ ಕೂಲಿ ಮ್ಯಾಲ ರವದಿ ಮುಚ್ಚಾಕ ಹೊಂಟಿಯೇನ ಬೇ?"

ಶೇವಂತಾ ಅದನ್ನು ಈಗಲೂ ಒಪ್ಪುತ್ತಾರೆ. "ಆಕಿ ಅಂದದ್ದು ಖರೇನ ಇತ್ರಿ."

ಕೊನೆಗೆ ಅವರು ಜಿನಮತಿಯವರಲ್ಲಿ ಬದು ಕೇಳಿದರು. ಹೋದ ಕೂಲಿಯ ಬದಲು, ಹೊಲದಂಚಿನಲ್ಲಿ ಕಾಯಿಪಲ್ಯ ಬೆಳೆದುಕೊಳ್ಳುವ ಅನುಮತಿ. ಆಗ ಅವರೊಂದಿಗೆ ಉಳಿದಿದ್ದ ಮೂವರಿಗೆ ಒಂದು ಚಿಕ್ಕ ಬದು ಸಿಕ್ಕಿತು. ಅವರಲ್ಲೊಬ್ಬರಾದ ನೀಲಮ ಹುರುಪಿನಲ್ಲಿ ಮೂಲಂಗಿ ಬಿತ್ತಿದರು. ನೆಲದಡಿಯ ಗಡ್ಡೆ ಜಿನಮತಿಯವರ ಮನೆಯಲ್ಲಿ ನಿಷಿದ್ಧ ಎಂಬುದು ಊರಿಗೆಲ್ಲ ಗೊತ್ತು, ಬಿತ್ತುವಾಗ ಯಾರಿಗೂ ನೆನಪಾಗಲಿಲ್ಲ. ಜಿನಮತಿ ಬಂದು ನೋಡಿ, "ಮ್ಯಾಲ ಕಾಯಿ ಬಿಡೂದ ಹಾಕು ನೀಲಮ. ಬೇರು ಕೀಳೂದು ನನ್ನ ಹೊಲದಾಗ ಬ್ಯಾಡವಾ" ಎಂದರು. ಆ ಮೂಲಂಗಿಯನ್ನು ಯಾರೂ ಕೀಳಲಿಲ್ಲ. ಅದು ಹೂ ಬಿಟ್ಟು ಬೀಜ ಕಟ್ಟಿ ಒಣಗಿತು. ಮುಂದೆ ಚವಳಿಕಾಯಿ, ಸೌತೆ, ಪುಂಡಿಪಲ್ಯ ಬಂದವು. ಸಂತೆಯ ಕಾಯಿಪಲ್ಯ ಕೈಗೆಟುಕದ ಬೇಸಿಗೆಯಲ್ಲಿ ಮೂರ್ನಾಲ್ಕು ಮನೆಗಳ ರೊಟ್ಟಿಗೆ ಜೊತೆಯಾಯಿತು.

ಈ ಸಲ ಇಡೀ ಹೊಲ ಹಾಸಬೇಕು. ಅದಕ್ಕೆ ತುಳಸವ್ವ ಮತ್ತು ಅವರ ಜೊತೆಯವರು ಬರಲೇಬೇಕು. ಹಾಗಾಗಿ ಶೇವಂತಾ ನಿನ್ನೆ ಸಂಜೆ ನಳದ ಮುಂದೆ ಒಂದು ಮಾತು ಕೊಟ್ಟಿದ್ದಾರೆ: ರವದಿ ಮುಟ್ಟಿದವರಿಗೆಲ್ಲ ಹಳ್ಳದ ಕಡೆಯ ಉದ್ದನೆಯ ಬದು. ಆ ಬದುವನ್ನು ಅವರು ಇನ್ನೂ ಯಾರಲ್ಲೂ ಕೇಳಿಲ್ಲ.

ಹೊತ್ತು ಮೂಡುತ್ತಿದೆ. ವೃಷಭ ಬೈಕಿನಿಂದ ಇಳಿದು ಗಾಳಿ ನೋಡುತ್ತಾರೆ. ಆಗ ದಾರಿಯ ತಿರುವಿನಲ್ಲಿ ಹೆಣ್ಣುಮಕ್ಕಳ ಗುಂಪು ಕಾಣುತ್ತದೆ. ಮುಂದೆ ತುಳಸವ್ವ. ಅವರು ಕವೆಗೋಲು ಹಿಡಿಯುವುದಿಲ್ಲ, ನೇರ ವೃಷಭರ ಮುಂದೆ ಬಂದು ನಿಲ್ಲುತ್ತಾರೆ.

"ಹಳ್ಳದ ಬದು ನಮಗ ಅಂತ ಶೇವಂತಕ್ಕ ಹೇಳ್ಯಾಳ. ಖರೇನ್ರಿ?"

ವೃಷಭ ತಿರುಗಿ ಶೇವಂತಾ ಅವರನ್ನು ನೋಡುತ್ತಾರೆ. "ನಾವು ಯಾವಾಗ ಕೊಟ್ವಿ ಮಾವಶಿ?"

"ನೀವು ಕೊಟ್ಟಿಲ್ರಿ. ನಾನ ಕೊಟ್ಟೀನಿ" ಎನ್ನುತ್ತಾರೆ ಶೇವಂತಾ. ಮುಖ ಎತ್ತುವುದಿಲ್ಲ. "ಇವರು ಬರಲಿಲ್ಲಂದ್ರ ಹೊಲಾ ಸುಡ್ತಿತ್ತು. ಬದು ಕೊಡದ ಇವರ್ನ ಕರದಿದ್ರ ಇವರ ಹೊಟ್ಟಿ ಸುಡ್ತಿತ್ತು. ಅಕ್ಕಾರ್ನ ಕೇಳ್ರಿ. ಬ್ಯಾಡ ಅಂದ್ರ ಇವರ ಕೈಲೆ ಬೈಸ್ಕೋಳಾಕಿ ನಾನ."

ವೃಷಭ ತಾಯಿಗೆ ಫೋನ್ ಹಚ್ಚುತ್ತಾರೆ. ಸ್ಪೀಕರಿನಲ್ಲಿ ಮೊದಲು ಮನೆಯ ಪಾತ್ರೆಗಳ ಸದ್ದು. ಮಗ ಎಲ್ಲ ಹೇಳುತ್ತಾರೆ. ಆಮೇಲೆ ಜಿನಮತಿಯವರ ದನಿ: "ಕೇಳದ ಕೊಟ್ಟದ್ದು ತಪ್ಪಾತು ಅಂತ ಹೇಳು ಆಕಿಗಿ. ಬದು ಬಿಟ್ಟಕೊಡು. ಮೂಲಂಗಿ ಒಂದ ಬ್ಯಾಡ."

"ಕೇಳಿದಿ ಏನ ನೀಲಮಾ?" ಎಂದು ತುಳಸವ್ವ ಕೂಗುತ್ತಾರೆ. ಎಲ್ಲರೂ ನಗುತ್ತಾರೆ. ನೀಲಮ ತಲೆಯ ಮೇಲಿನ ಸೆರಗು ಬಿಗಿದು ಸಾಲಿಗೆ ಇಳಿಯುತ್ತಾರೆ.

ಒಂದು ತಾಸಿಗೆಲ್ಲ ಅರ್ಧ ಹೊಲದ ರೂಪ ಬದಲಾಗಿದೆ. ಸಾಲಿನ ನಡುವೆ ರವದಿ, ಸಾಲಿನ ಮೇಲೆ ಬಿಸಿಲಿಗೆ ತೆರೆದ ಬುಡಗಳು. ಗರಿಯ ಅಂಚು ಕೊಯ್ದ ಗೆರೆಗಳು ಎಲ್ಲರ ಕೈ ಮೇಲೂ ಇವೆ. ಬಯಕೆ ಏನೆಂದು ಕೇಳಿದರೆ ಶೇವಂತಾ ದಾರಿಯ ಕಡೆ ಕೈ ತೋರಿಸುತ್ತಾರೆ.

"ಬ್ಯಾಸಿಗ್ಯಾಗ ದಾರಿ ಹಿಡದು ಹೋಗೋರು, ಇಷ್ಟ ಹಸರೈತಲ್ಲ, ಯಾರ ಹೊಲಾ ಅಂತ ಕೇಳ್ತಾರ್ರಿ. ಜಿನಮತಿ ಅಕ್ಕಾರ್ದು ಅಂತ ಹೇಳ್ತೀವಿ. ಅದು ಖರೇನ. ಹಾಸಿದವರು ಯಾರು ಅಂತನೂ ಒಬ್ಬರರ ಕೇಳ್ಲಿ."

ಚಹಾದ ಹೊತ್ತಾಗಿದೆ. ಇಲ್ಲಿ ಬೆಂಕಿ ಮಾಡುವಂತಿಲ್ಲ, ಸುಟ್ಟ ಪಕ್ಕದ ಹೊಲದಲ್ಲಿ ಮೂರು ಕಲ್ಲು ಹೂಡಿದ್ದಾರೆ. ಶೇವಂತಾ ವೃಷಭರ ಮುಂದೆ ಕೈ ಚಾಚಿ ಕಡ್ಡಿಪೆಟ್ಟಿಗೆ ಇಸಿದುಕೊಂಡು ಒಲೆ ಹೊತ್ತಿಸುತ್ತಾರೆ. ಚಹಾ ಕುಡಿದು ಹೊರಟ ವೃಷಭ ಅದನ್ನು ವಾಪಸ್ ಕೇಳುತ್ತಾರೆ.

ಅಷ್ಟರಲ್ಲಿ ಅದು ಶೇವಂತಾ ಅವರ ಸೊಂಟಕ್ಕೆ ಸೇರಿದೆ. "ಸಂಜೀಕ ಒಯ್ಯೀರಂತ ಸಾವ್ಕಾರ" ಎನ್ನುತ್ತಾ ಅವರು ಕವೆಗೋಲು ಎತ್ತಿಕೊಳ್ಳುತ್ತಾರೆ. "ಇನ್ನಾ ಅರ್ಧ ಹೊಲಾ ಉಳದೈತಿ."