ಬಬಲೇಶ್ವರವನ್ನು ಹತ್ತಿರ ತಂದ ಗಾಲಿಗಳು

ಜಲನಗರದ ನಮ್ಮ ಮನೆಯ ಹಿತ್ತಿಲಲ್ಲಿ ನಾಲ್ಕು ಟೈರುಗಳಿವೆ. ಬಿಸಿಲೇರಿದರೆ ಸಾಕು, ರಬ್ಬರಿನ ವಾಸನೆ ಅಡುಗೆಮನೆಯ ಕಿಟಕಿಯಿಂದ ಒಳಗೆ ನುಗ್ಗಿ ಬೆಳ್ಳುಳ್ಳಿ ಒಗ್ಗರಣೆಯನ್ನೂ ಸೋಲಿಸುತ್ತದೆ. ಮೊನ್ನೆ ರವಿವಾರ ಹಾಗೇ ಆಯಿತು. ಹೆಂಡತಿ ಸೌಟು ಕೆಳಗಿಟ್ಟು, “ಇವತ್ತರ ಒಯ್ಯತಾರೇನ್ರಿ, ಇಲ್ಲಾ ಮನಿ ಟೈರಿಗೆ ಬಿಟ್ಟು ನಾವ ಹೊರಗ ಹೋಗೂನು?” ಎಂದಳು. “ಇವತ್ತ ಬಸು ಬರ್ತಾನ” ಎಂದೆ. ನಾಲ್ಕು ವರ್ಷದಿಂದ ಈ ಟೈರುಗಳು ನಮ್ಮಲ್ಲಿ ತಲೆಮರೆಸಿಕೊಂಡಿವೆ. ಟೈರು ಯಾರಿಗೆ ಹೆದರಿ ತಲೆಮರೆಸಿಕೊಳ್ಳುತ್ತದೆ ಎಂದು ನೀವು ಕೇಳಬಹುದು. ಬಬಲೇಶ್ವರದ ಒಬ್ಬ ಮುದುಕನಿಗೆ.

ಬಸು ತಿಕೋಟಾದಲ್ಲಿರುವ ನಮ್ಮ ಕಾಕಾನ ಮಗ. ದ್ರಾಕ್ಷಿ ತೋಟ, ಒಂದು ಪಿಕಪ್ ಗಾಡಿ, ಒಳ್ಳೆಯ ಹುಡುಗ. ಬಬಲೇಶ್ವರದ ಕಸ್ತೂರಿಯನ್ನು ನೋಡಿ ಬಂದಮೇಲೆ ಊಟ ಬಿಟ್ಟಿದ್ದ. ಅವಳಿಗೂ ಮನಸ್ಸಿತ್ತು. ಆದರೆ ಆ ಮನೆಯಲ್ಲಿ ಅವಳ ಮುತ್ಯಾನ ಮಾತೇ ಕೊನೆ. ಆತ ತನ್ನ ತಂಗಿಯನ್ನು ದೂರದೂರಿಗೆ ಕೊಟ್ಟು ಜೀವನವಿಡೀ ಮರುಗಿದವ. ಮೊಮ್ಮಗಳನ್ನು ಇಪ್ಪತ್ತು ಕಿಲೋಮೀಟರಿನ ಆಚೆ ಕೊಡುವುದಿಲ್ಲ ಎಂದು ಆಣೆ ಮಾಡಿದ್ದ. ಬಸು ತನ್ನ ಹೊಸ್ತಿಲಿಂದ ಅವರ ಹೊಸ್ತಿಲಿಗೆ ಗಾಡಿ ಓಡಿಸಿ ಅಳೆದ. ಇಪ್ಪತ್ತೊಂದೂವರೆ ಬಂತು. ಹುಚ್ಚಪ್ಪ, ಹೋಗಿ ಅದನ್ನೇ ಇದ್ದಂತೆ ಹೇಳಿಬಿಟ್ಟ.

ಅಲ್ಲಿಗೆ ಮಾತು ಮುರಿಯಿತು. ಕಾಕಾ ಸುಮ್ಮನೆ ಕೂಡುವ ಪೈಕಿ ಅಲ್ಲ. ಬಬಲೇಶ್ವರದ ಕಡೆಗಿರುವ ಹೊಲದ ತುದಿಯಲ್ಲಿ ಬರೇ ಒಂದು ಬಾಗಿಲ ಚೌಕಟ್ಟು ನಿಲ್ಲಿಸಿ, ಇದೇ ನಮ್ಮ ಹೊಸ್ತಿಲು ಎಂದರೆ ಹೇಗೆ ಅಂತ ನನ್ನನ್ನು ಕೇಳಿದ್ದ. ಗೋಡೆ ಎಲ್ಲಿ ಎಂದರೆ, “ಗ್ವಾಡಿ ಯಾರ ಕೇಳ್ಯಾರ?” ಎಂದಿದ್ದ. ಬಸು ಮಾತ್ರ ಮಂಕಾದ. ದುಃಖವಾದರೆ ಕೆಲವರು ಗಡ್ಡ ಬಿಡುತ್ತಾರೆ. ಬಸು ಸೊಲ್ಲಾಪುರ ರಸ್ತೆಗೆ ಹೋಗಿ ಗಾಡಿಯ ಟೈರು ಬದಲಿಸಿದ. ಎಂಥ ಟೈರು! ಅಗಲ, ಎತ್ತರ, ತೂಕ ಮೂರೂ ಹೆಚ್ಚು. ಪಿಕಪ್ಪು ಮಣೆಯ ಮೇಲೆ ನಿಂತ ಕೋಣದಂತೆ ಕಾಣುತ್ತಿತ್ತು.

ವಾರದೊಳಗೆ ಕಾಕಾನಿಂದ ನನಗೆ ಫೋನು ಬಂತು. ಲೀಟರಿಗೆ ಹದಿನಾಲ್ಕು ಕೊಡುತ್ತಿದ್ದ ಗಾಡಿ ಹನ್ನೊಂದಕ್ಕೆ ಇಳಿದಿತ್ತು. “ನೀ ವಿಜ್ಞಾನದ ಮಾಸ್ತರ ಅದಿ. ಬಂದು ಇವಗ ತಿಳಿಸಿ ಹೇಳು” ಎಂದ. ನನಗೆ ಯಾರಾದರೂ ಪಾಠ ಮಾಡು ಎಂದರೆ ಸಾಕು, ಬಸ್ಸು ಹತ್ತಿಬಿಡುತ್ತೇನೆ. ಶಾಲೆಯಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಝುಣಕ ರೊಟ್ಟಿ ಮುಗಿಸಿ ಶುರುಮಾಡಿದೆ. ಭಾರ ಗಾಡಿಯ ಬೆನ್ನ ಮೇಲಿದ್ದರೆ ಒಂದು ಲೆಕ್ಕ, ಗಾಲಿಯಲ್ಲೇ ಇದ್ದರೆ ಇನ್ನೊಂದು. ಹಸಿ ಎರೆಮಣ್ಣಿನಲ್ಲಿ ನಡೆದಾಗ ಚಪ್ಪಲಿಗೆ ಮೆತ್ತಿದ ಮಣ್ಣು ಹೆಜ್ಜೆಹೆಜ್ಜೆಗೂ ಕಾಲೆಳೆಯುವುದಿಲ್ಲವೇ, ಹಾಗೆ. ಪ್ರತಿಸಲ ಗಾಡಿ ಎಬ್ಬಿಸುವಾಗ ಆ ಭಾರವನ್ನು ತಿರುಗಿಸಬೇಕು. ಬ್ರೇಕ್ ಒತ್ತಿದರೆ ಆ ಶ್ರಮವೆಲ್ಲ ಹಾಳು. ಅಗಲ ಹೆಚ್ಚಿದಷ್ಟೂ ರಸ್ತೆಯ ಜಗ್ಗಾಟ ಹೆಚ್ಚು.

ಇಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನಾನು ಮಾಸ್ತರ. “ಇನ್ನೊಂದದ ಕಾಕಾ. ಮೀಟರ್ ಗಾಲಿಯ ಸುತ್ತು ಎಣಸ್ತದ. ದೊಡ್ಡ ಗಾಲಿ ಒಂದ ಸುತ್ತಿಗೆ ಹೆಚ್ಚ ದೂರ ಹೋಗ್ತದ. ಅಂದ್ರ ಗಾಡಿ ಓಡಿದ್ದು ಜಾಸ್ತಿ, ಮೀಟರ್ ತೋರ್ಸೂದು ಕಮ್ಮಿ.”

ಒಲೆಯ ಮುಂದಿದ್ದ ಬಸುವಿನ ತಾಯಿ, ನಮ್ಮ ಕಾಕು, ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಕೇಳಿದಳು: “ಹಂಗಾರ ಬಬಲೇಶ್ವರ ಹತ್ರ ಬಂತೇನ ತಮ್ಮಾ?”

ಅದೇ ಸಂಜೆ ಅಳೆದರು. ಹತ್ತೊಂಬತ್ತೂ ಮುಕ್ಕಾಲು. ಕಾಕಾ ಗಾಲಿಗೆ ಕುಂಕುಮ ಹಚ್ಚಿ ಕಾಯಿ ಒಡೆದ. ಹಳೆಯ ಟೈರುಗಳು ಮಾತ್ರ ಮುತ್ಯಾನ ಕಣ್ಣಿಗೆ ಬೀಳಬಾರದೆಂದು ನನ್ನ ಹಿತ್ತಿಲಿಗೆ ಬಂದವು.

ಗಾಡಿ ಬಬಲೇಶ್ವರಕ್ಕೆ ಹೋಯಿತು, ಮುತ್ಯಾನೇ ಖುದ್ದು ಅಳೆಯಲು ಹೊರಟ. ಕಸ್ತೂರಿಯ ಅಣ್ಣ ಫೋನಿನಲ್ಲಿ ನಕಾಶೆ ತೆಗೆದರೆ ಕೈ ಅಡ್ಡ ಹಿಡಿದ. “ಫೋನು ಮುಗಿಲಾಗಿಂದ ನೋಡಿ ಹೇಳ್ತದ. ಗಾಲಿ ನೆಲಾ ಮುಟ್ಟಿ ಹೇಳ್ತದ. ಗಾಲಿ ಸುಳ್ಳ ಹೇಳಂಗಿಲ್ಲ.” ನಾನು ಆಕಾಶ ನೋಡಿದೆ. ಆತನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಇಬ್ಬರು ಗಾಡಿಗೆ ಎತ್ತಬೇಕಾಯಿತು. “ಗಾಡಿ ಇಷ್ಟ್ಯಾಕ ಎತ್ತರ ಮಾಡಿದ್ಯೋ?” ಎಂದ. “ದ್ರಾಕ್ಷಿಗೆ ಧೂಳ ಬಡೀಬಾರ್ದಂತ ಮುತ್ಯಾ” ಎಂದ ಬಸು. ಮುತ್ಯಾ ತನ್ನ ಬೆರಳಿನಿಂದಲೇ ಮೀಟರನ್ನು ಸೊನ್ನೆಗೆ ತಂದ. ದಾರಿಯುದ್ದಕ್ಕೂ ಅದರ ಮೇಲಿಂದ ಕಣ್ಣು ಕೀಳಲಿಲ್ಲ. ತಿಕೋಟಾದಲ್ಲಿ ಇಳಿದು, “ಮದಲ ಇಪ್ಪತ್ತೊಂದೂವರೆ ಅಂದಿದ್ರೆಲ್ಲ?” ಎಂದು ಕೇಳಿದ. “ರಸ್ತಾ ರಿಪೇರಿ ಮಾಡಿ ಅಂಕುಡೊಂಕ ತಗದಾರ್ರಿ” ಎಂದ ಕಾಕಾ, ದೇವರಾಣೆಗೂ ಹಿಂಜರಿಯದೆ. ಮುತ್ಯಾ ತಲೆಯಾಡಿಸಿ ಹೆಣ್ಣು ಕೊಟ್ಟ.

ಮುಂದಿನದು ಡೀಸೆಲ್ಲಿನ ಸಂಸಾರ. ಮುತ್ಯಾ ಅಮಾವಾಸ್ಯೆಗೊಮ್ಮೆ ಮೊಮ್ಮಗಳ ಮನೆಗೆ ಬರುತ್ತಿದ್ದ, ಅದೇ ಗಾಡಿಯಲ್ಲಿ, ಅದೇ ಬೆರಳಿನಿಂದ ಸೊನ್ನೆ ಮಾಡಿ. ಟೈರು ಬದಲಿಸುವ ಮಾತೇ ಇರಲಿಲ್ಲ. ಪಂಪಿನಲ್ಲಿ ಕಾಕಾ ಮೋರೆ ತಿರುವಿ ನಿಲ್ಲುತ್ತಿದ್ದ. ಟಾಕಿ ತುಂಬುವುದನ್ನು ನೋಡಿದರೆ ಎದೆ ಹಿಡಿದುಕೊಳ್ಳುತ್ತದಂತೆ. ಸೊಸೆ ಬಂದಾಗಿಂದ ಮನೆ ಬೆಳಗಿದೆ, ಗಾಡಿ ಮಾತ್ರ ಎಣ್ಣೆ ಕುಡಿಯುತ್ತದೆ ಎನ್ನುತ್ತಿದ್ದ.

ಹೋದ ತಿಂಗಳು ಮುತ್ಯಾ ತೀರಿಕೊಂಡ. ಕರ್ಮಗಳೆಲ್ಲ ಮುಗಿದ ಮೇಲೆ, ಹಳೆಯ ಟೈರು ಹಾಕಿಸಿಬಿಡೋಣ ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದ್ದ. ಹಾಗೆ ರವಿವಾರ ಗಾಡಿ ನಮ್ಮ ಮನೆ ಮುಂದೆ ಬಂತು. ಬಸು, ಕಾಕಾ ಇಳಿದರು. ಕಸ್ತೂರಿ ಇಳಿಯಲಿಲ್ಲ. ನಾನು ಹುರುಪಿನಿಂದ ಒಂದು ಟೈರನ್ನು ಗೇಟಿನತನಕ ಉರುಳಿಸಿಕೊಂಡು ಬಂದೆ.

“ಭಾವಾರ, ಅವು ಅಲ್ಲೇ ಇರ್ಲಿ ಬಿಡ್ರಿ” ಎಂದಳು ಕಸ್ತೂರಿ, ಗಾಡಿಯೊಳಗಿಂದಲೇ.

ಬಸು ಹದಿನಾಲ್ಕು, ಹನ್ನೊಂದರ ಲೆಕ್ಕ ಹೇಳಿದ. ನಾನೂ ಸುಮ್ಮನಿರಲಾರದೆ, “ಗಾಲಿ ಬದಲಾದ್ರ ಊರೇನ ಸರಿಯೂದಿಲ್ಲವ್ವಾ. ಎಲ್ಲಿತ್ತೋ ಅಲ್ಲೇ ಇರ್ತದ” ಎಂದೆ.

“ಗೊತ್ತದರಿ. ನಾನೂ ಸಾಲಿ ಕಲ್ತಾಕಿ. ಲಗ್ನದ ದಿನಾನ ಗೊತ್ತಿತ್ತು.” ಅವಳು ಮೀಟರನ್ನು ನೋಡುತ್ತಿದ್ದಳು. “ಆದ್ರ ಮುತ್ಯಾ ಹೋದಾಗಿಂದ ತವರಮನಿ ಭಾಳ ದೂರ ಆಗೇದರಿ. ಅದರ ಮ್ಯಾಲೆ ನೀವು ಮತ್ತ ಕಿಲೋಮೀಟರ್ ಕೂಡಸಬ್ಯಾಡ್ರಿ.”

ನನಗೆ ತಿಳಿದಿದ್ದ ವಿಜ್ಞಾನ ಅಲ್ಲಿಗೆ ಮುಗಿಯಿತು. ಬಸು ಟೈರನ್ನು ನೋಡುತ್ತ ನಿಂತ. ಕಾಕಾ ತಲೆಯ ಪಟಕ ತೆಗೆದು ಮುಖ ಒರೆಸಿಕೊಂಡು ಗಾಡಿ ಹತ್ತಿದ.

“ಏನ ನಿಂತಿಲೇ? ಮದಲ ಪಂಪಿಗೆ ನಡಿ, ಟಾಕಿ ತುಂಬಸು. ಮಧ್ಯಾಹ್ನದ ಊಟಕ್ಕ ಬಬಲೇಶ್ವರಕ್ಕ ಹೋಗೂಣು.”