ಆ ಮರಳಿನ ಕೆಳಗೆ ಯಾರ ಹೊಲ?

ಹೋದ ಭಾನುವಾರ ರಾಯದುರ್ಗದ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಬಾಯಾರಿಕೆಯಿಂದ ಸತ್ತೆ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ. ಕೈಯಲ್ಲಿ ಚಹಾ ಲೋಟವಿತ್ತು.

ಗಾಬರಿ ಬೇಡ. ಸತ್ತದ್ದು ಆಟದಲ್ಲಿ.

ಯೂನಿಟ್‌ನ ಕಟಿಂಗ್ ಮಾಸ್ಟರ್ ಮಂಜುನಾಥ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿದ್ದಾಗ ರೂಮ್‌ಮೇಟ್‌ಗಳಿಂದ ಕಲಿತು ಬಂದ ಆಟ ಇದು. ಒಂದು ದಪ್ಪ ಇಂಗ್ಲಿಷ್ ಪುಸ್ತಕ, ಒಂದು ನಕ್ಷೆ, ಇಪ್ಪತ್ತು ಮುಖದ ದಾಳ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಅದು ಆಗುತ್ತದೋ ಇಲ್ಲವೋ, ದಾಳ ಹೇಳುತ್ತದೆ. ರಜೆಯ ದಿನ ನಾಲ್ಕೈದು ಆಪರೇಟರ್‌ಗಳು ಕಟಿಂಗ್ ಟೇಬಲ್ ಸುತ್ತ ಕೂರುತ್ತಾರೆ.

ಈ ಸಲದ ಕಥೆ ಮರಳುಗಾಡಿನದು. ಹೂತುಹೋದ ನಗರ, ಗಾಳಿಯನ್ನು ನಿಲ್ಲಿಸುವ ಒಂದು ಮಣಿ, ಎಮ್ಮೆ ಗಾತ್ರದ ಚೇಳುಗಳು. ನಾನು ನೀರಿನ ಚೀಲ ತುಂಬಿಸಿಕೊಳ್ಳುತ್ತೇನೆಂದು ಹೇಳಲು ಮರೆತೆ. ಕಥೆಯ ಮೂರನೇ ದಿನಕ್ಕೆ ಹೆಣ.

"ಪೇಪರ್‌ನೋರು ನೀರಿಲ್ಲ ನೀರಿಲ್ಲ ಅಂತ ದಿನಾ ಬರೀತಾರ, ತಾವು ಒಯ್ಯೋದು ಮರ್ತಾರ ನೋಡ್ರಿ!" ಎಂದಳು ರತ್ನ. ಎಲ್ಲರೂ ನಕ್ಕರು. ಸತ್ತವನಿಗೆ ನೋಡುವುದಷ್ಟೇ ಕೆಲಸ. ನೋಡಿದೆ.

ರತ್ನ ಜೇಬು ಹೊಲಿಯುತ್ತಾಳೆ. ಗಂಡ ತಿಪ್ಪೇಶ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಮೇಲೆ. ಅವರದು ಕಣೇಕಲ್ಲಿನ ಆಚೆ, ಹಗರಿ ದಂಡೆಯ ಊರು. ಅಲ್ಲಿ ಆಷಾಢದ ಗಾಳಿ ಹೊಳೆಯ ಮರಳನ್ನು ತಂದು ಹೊಲಗಳ ಮೇಲೆ ಸುರಿಯುತ್ತದೆ. ಗಾಳಿಗೆ ಮುಂಚೆ ಹೊಲದ ನಾಲ್ಕು ಮೂಲೆಗೆ ಬಿದಿರು ನೆಟ್ಟು, ತುದಿಗೆ ಜೀನ್ಸ್ ಚೂರು ಕಟ್ಟಿಡುತ್ತಾರೆ. (ಇಲ್ಲದಿದ್ದರೆ ಸ್ವಂತ ಹೊಲವೇ ಸಿಗುವುದಿಲ್ಲ.) ಗಾಳಿ ನಿಂತ ಮೇಲೆ ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಮರಳು ಹೊರುತ್ತಾರೆ. ಆಮೇಲೆ ಬಿತ್ತನೆ.

ಈ ವರ್ಷ ಗಾಳಿ ನಿಂತಿದೆ, ಬುಟ್ಟಿ ಹೊರಬಿದ್ದಿಲ್ಲ. ಬೆಂಗಳೂರಿನ ಫ್ಯಾಕ್ಟರಿಯೊಂದು ಇಬ್ಬರನ್ನೂ ಕರೆದಿದೆ. ಹೊಲ ಬಿಟ್ಟು ಹೋಗೋಣ ಎನ್ನುತ್ತಾನೆ ತಿಪ್ಪೇಶ. ರತ್ನ ಹೂಂ ಅಂದಿರಲಿಲ್ಲ. ಟೇಬಲ್ ಸುತ್ತ ಕೂತ ಎಲ್ಲರಿಗೂ ಇದು ಗೊತ್ತಿತ್ತು.

ಮಂಜುನಾಥ ಹೇಳಿದ: "ಎದುರಿಗೆ ದಿಬ್ಬ. ಅದರ ಕೆಳಗ ಊರು ಹೂತೈತಿ. ಮ್ಯಾಲೆ ಚೇಳು. ಏನ್ ಮಾಡ್ತೀರಿ?"

ತಿಪ್ಪೇಶ ಕತ್ತಿ ಹಿರಿದ. ರತ್ನ ಅಂದಳು, "ನಾ ನಾಕು ಮೂಲಿಗೆ ಬಿದಿರು ನೆಡ್ತೀನಿ."

"ಚೇಳು ಬಿಟ್ಟು ಬಿದಿರು ಯಾಕವ್ವ?"

"ಆ ಮರಳಿನ ಕೆಳಗ ಯಾರ ಹೊಲ ಐತ್ರಿ, ಮಾಸ್ಟ್ರೆ?"

ಮಂಜುನಾಥ ಪುಟ ತಿರುವಿದ. ಚೇಳಿನ ಉದ್ದವಿತ್ತು, ಗಾಳಿಯ ವೇಗವಿತ್ತು. ಹೊಲದವರು ಇರಲಿಲ್ಲ. ಆ ಪುಸ್ತಕದ ಮರಳುಗಾಡು ಹುಟ್ಟಿದಾಗಿನಿಂದ ಖಾಲಿ. ಅಲ್ಲಿ ಯಾರೂ ಏನೂ ಬಿತ್ತಿದವರಲ್ಲ.

"ಬುಕ್ಕಿನಾಗ ಇಲ್ಲವ್ವ."

"ಬರ್ದೋನು ನಮ್ಮ ಕಡಿ ಬಂದಿಲ್ಲ ಬಿಡ್ರಿ. ನಾ ಮರಳು ತಗೀತೀನಿ."

ದಾಳ ಎಸೆದಳು. ಇಪ್ಪತ್ತು! ಅದಕ್ಕಿಂತ ದೊಡ್ಡದು ಆ ಆಟದಲ್ಲಿಲ್ಲ. ಎಲ್ಲರೂ ಎದ್ದು ನಿಂತರು. ತಿಪ್ಪೇಶನೂ ಚಪ್ಪಾಳೆ ಹೊಡೆದ.

"ಹೊಲ ಕಾಣಿಸ್ತು," ಎಂದ ಮಂಜುನಾಥ. "ಕೆಂಪು ಮಣ್ಣು. ಹೋದ ವರ್ಷದ ಶೇಂಗಾ ಬೇರು ಸುದ್ದಾ ಐತಿ."

ರತ್ನಳ ಮುಖ ಅರಳಿತು. "ನಾಳಿಗ?"

ಮಂಜುನಾಥ ಕಟ್ಟುನಿಟ್ಟಿನ ಮನುಷ್ಯ. (ಅರ್ಧ ಇಂಚು ತಪ್ಪಿದರೆ ಇಡೀ ಕಟಿಂಗ್ ತಿರಸ್ಕರಿಸುವವನು.) ಸುಳ್ಳು ಹೇಳಲಿಲ್ಲ. "ನಾಳಿಗ ಮತ್ತ ಗಾಳಿ ಬರ್ತೈತವ್ವ. ಈ ನಕ್ಷಾದಾಗ ದಿನಾ ಗಾಳಿ."

"ಅಂದ್ರ ನಂಗ ದಿನಾ ಇಪ್ಪತ್ತು ಬೀಳಬೇಕಲ್ಲ?"

"ಹೂಂ."

"ಅದನ್ನೇ ನಾ ಹೇಳಾಕತ್ತಿದ್ದು," ಎಂದ ತಿಪ್ಪೇಶ. ಗೆದ್ದವನ ದನಿಯಲ್ಲ ಅದು. ಯಾರಿಗೂ ಕೇಳಿಸದಿದ್ದರೆ ಸಾಕು ಎಂಬಂತಿತ್ತು.

ಮಂಜುನಾಥ ಆಸೆ ತೋರಿಸಿದ. ಮುಂದೆ ಹೋದರೆ ಮಣಿ ಸಿಗಬಹುದು, ಗಾಳಿ ನಿಲ್ಲಬಹುದು. ರತ್ನ ಬೇಡವೆಂದು ತಲೆಯಾಡಿಸಿದಳು. "ನೀವು ಹೋಗ್ರಿ. ನಾ ಇಲ್ಲೇ ಇರ್ತೀನಿ."

ಗುಂಪು ಬಿಟ್ಟವರು ಕಥೆಯಿಂದ ಹೊರಗೆ. ನಿಯಮ ಅದು. ಅವಳ ಹೆಸರಿನ ಮುಂದೆ ಮಂಜುನಾಥ ಬರೆದುಕೊಂಡ: ಅಲ್ಲೇ ಉಳಿದಳು.

ಉಳಿಯುವುದು ಆಟದಲ್ಲಿ ಅಷ್ಟು ಸುಲಭ. ಒಂದು ಸಾಲು ಸಾಕು.

ಗುರುವಾರ ಬಸ್ ಸ್ಟ್ಯಾಂಡ್‌ನಲ್ಲಿ ಗಂಡ ಹೆಂಡತಿ ಸಿಕ್ಕರು. ಎರಡು ಚೀಲ, ಒಂದು ಹಾಸಿಗೆ ಸುರುಳಿ. ತಿಪ್ಪೇಶ ಸೀಟು ಹಿಡಿಯಲು ಓಡಿದ. ನಾನು ಏನು ಕೇಳಬೇಕೆಂದು ತಿಳಿಯದೆ, "ಹೊಂಟ್ರಾ?" ಎಂದೆ. ಕಾಣುತ್ತಿರುವುದನ್ನೇ ಕೇಳುವುದು ನಮ್ಮ ಕಸುಬಿನ ಚಟ.

"ಹೌದ್ರಿ," ಎಂದಳು. "ಬೆಂಗಳೂರಾಗ ಮನಿ ಕಟ್ಟಾಕ ಮರಳು ಲಾರಿಗಟ್ಲೆ ತರಸ್ತಾರಂತ. ನಮ್ಮನ್ನೂ ಬರ್ರಿ ಅಂದಾರ."

ನಗಿಸಲು ಹೇಳಿದಳೋ ಏನೋ, ನಗು ಇಬ್ಬರಿಗೂ ಬರಲಿಲ್ಲ. ಬಸ್ ಹೊರಟಿತು.

ಮರಳಿಗೂ ಗಿರಾಕಿ ಇದ್ದಾರೆ, ಅದನ್ನು ಹೊತ್ತ ಕೈಗಳಿಗೂ ಇದ್ದಾರೆ. ನಡುವೆ ಹೂತುಹೋದ ಆ ಹೊಲ ಯಾರಿಗೆ ಬೇಕು?